ಬೀಜಾಣು ಎಂಬ ಶಬ್ದದ ಅರ್ಥವೂ ಪ್ರಯೋಗವೂ

ರಾಗಿಯ ತೆನೆಯು ಕುತ್ತಿಗೆಯಲ್ಲಿ ಕಪ್ಪಾಗಿ ಮುರಿದು ಜೊಳ್ಳಾದಾಗ, ದ್ರಾಕ್ಷಿಯ ಎಲೆಯ ಕೆಳಮೈಯಲ್ಲಿ ಬಿಳಿಯ ಬೂಜು ಕಾಣಿಸಿಕೊಂಡಾಗ, ರೇಷ್ಮೆಹುಳುಗಳು ಸುಣ್ಣಕಟ್ಟಿ ಸೆಟೆದು ಸತ್ತಾಗ, ಗ್ರಾಮಗಳಲ್ಲಿ ಸಾಮಾನ್ಯವಾಗಿ ಮೂರು ಮಾತುಗಳು ಕೇಳಿಬರುವುದುಂಟು: ಬೀಜ ಕೆಟ್ಟಿತು, ಗಾಳಿ ಬಡಿಯಿತು, ಮೋಡ ಕವಿದು ಬೆಳೆ ಹಾಳಾಯಿತು. ಈ ಮೂರು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಯಾವುದೊಂದರಲ್ಲಿಯೂ ಪೂರ್ಣ ಸತ್ಯವಿಲ್ಲ. ಬೀಜವೂ ಗಾಳಿಯೂ ರೋಗವನ್ನು ಹೊತ್ತು ತರುವ ವಾಹನಗಳು. ಮೋಡವೂ ತೇವವೂ ಅದಕ್ಕೆ ಒದಗುವ ಅನುಕೂಲಗಳು. ಇವುಗಳ ಮೂಲಕ ಬಂದು ಬೆಳೆಯ ಮೇಲೆ ರೋಗವನ್ನು ಬಿತ್ತುವ ವಸ್ತುವು ಬೇರೊಂದುಂಟು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಬೀಜಾಣು ಎಂದು ಹೆಸರು.

ಈ ಶಬ್ದವು ಇಲಾಖೆಯ ಕರಪತ್ರಗಳಲ್ಲಿಯೂ ಔಷಧದ ಪೊಟ್ಟಣಗಳ ಮೇಲೆಯೂ ಮತ್ತೆ ಮತ್ತೆ ಬರುತ್ತದೆ. ಅದನ್ನು ಓದಿದವರು ಕೆಲವರು ಬೀಜವೆಂದೂ, ಕೆಲವರು ಹುಳುವೆಂದೂ, ಮತ್ತೆ ಕೆಲವರು ಒಂದು ಬಗೆಯ ವಿಷವೆಂದೂ ಅರ್ಥಮಾಡಿಕೊಳ್ಳುವುದುಂಟು. ಅರ್ಥವು ತಪ್ಪಿದರೆ ಉಪಾಯವೂ ತಪ್ಪುವುದು. ಹುಳುವೆಂದು ತಿಳಿದವನು ಹುಳುವಿನ ಔಷಧವನ್ನು ಹೊಡೆದು ಹಣವನ್ನು ಕಳೆದುಕೊಳ್ಳುವನು; ಬೀಜವೇ ಕೆಟ್ಟಿತೆಂದು ತಿಳಿದವನು ಪ್ರತಿ ವರ್ಷವೂ ಹೊಸ ಬಿತ್ತನೆಯನ್ನು ಕೊಂಡು, ಹಿಂದಿನ ಬೆಳೆಯ ರೋಗದ ಹುಲ್ಲನ್ನು ಬದುವಿನ ಮೇಲೆಯೇ ಬಿಡುವನು. ಆದುದರಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಗ್ರಾಮಪ್ರಮುಖರೂ ಜಮೀನುದಾರರೂ ಈ ಒಂದು ಶಬ್ದದ ನಿಜವಾದ ಅರ್ಥವನ್ನು ತಿಳಿದು, ತಿಳಿಯದವರಿಗೆ ಹೇಳುವುದು ಅವಶ್ಯಕವಾಗಿದೆ.

ಶಬ್ದದ ಅರ್ಥ

ಬೀಜ ಮತ್ತು ಅಣು ಎಂಬ ಎರಡು ಪದಗಳು ಸೇರಿ ಬೀಜಾಣು ಎಂದಾಗಿದೆ. ಅಣುವಿನಷ್ಟು ಸೂಕ್ಷ್ಮವಾದ ಬೀಜವೆಂಬುದು ಇದರ ಶಬ್ದಾರ್ಥ. ಪಾಶ್ಚಾತ್ಯರು ಇದನ್ನು ಸ್ಪೋರ್ ಎಂದು ಕರೆಯುತ್ತಾರೆ. ಬಿತ್ತನೆ ಎಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಆ ಹೆಸರು ಹುಟ್ಟಿದೆ. ಕನ್ನಡದ ಕೆಲವು ಪುಸ್ತಕಗಳಲ್ಲಿ ಬೀಜಕ, ಬೀಜಕಣ ಎಂಬ ರೂಪಗಳೂ ಕಾಣುವುವು. ಇವು ಮೂರೂ ಒಂದೇ ವಸ್ತುವಿನ ಹೆಸರುಗಳು. ಇವುಗಳಲ್ಲಿ ಭೇದವನ್ನು ಎಣಿಸಬೇಕಾದುದಿಲ್ಲ.

ಹೂ ಬಿಡದ ಸಸ್ಯಗಳೂ ಬೂಷ್ಟು, ಅಣಬೆ ಮೊದಲಾದ ಶಿಲೀಂಧ್ರಗಳೂ ತಮ್ಮ ವಂಶವನ್ನು ಹರಡುವುದಕ್ಕಾಗಿ ಉದುರಿಸುವ, ಸಾಮಾನ್ಯವಾಗಿ ಒಂದೇ ಜೀವಕೋಶದ, ಅತಿಸೂಕ್ಷ್ಮವಾದ ಕಣವೇ ಬೀಜಾಣು. ಶಿಲೀಂಧ್ರಗಳನ್ನು ಹಿಂದೆ ಸಸ್ಯಗಳಲ್ಲಿಯೇ ಸೇರಿಸಿದ್ದರು. ಈಗ ಅವುಗಳನ್ನು ಪ್ರತ್ಯೇಕವಾದ ವರ್ಗವೆಂದು ಎಣಿಸುತ್ತಾರೆ. ಆದರೂ ಬೀಜಾಣು ಎಂಬ ಹೆಸರು ಎರಡಕ್ಕೂ ಸಮಾನವಾಗಿ ಉಳಿದುಬಂದಿದೆ.

ಬೀಜಕ್ಕೂ ಬೀಜಾಣುವಿಗೂ ಇರುವ ಭೇದ

ಒಂದು ಅವರೆಕಾಳನ್ನು ನೆನೆಸಿ ಸುಲಿದು ನೋಡಿದರೆ ಮೇಲೆ ಸಿಪ್ಪೆ, ಒಳಗೆ ಎರಡು ಬೇಳೆ, ಬೇಳೆಗಳ ಸಂದಿನಲ್ಲಿ ಒಂದು ಪುಟ್ಟ ಮೊಳಕೆ ಕಾಣುವುವು. ಬೀಜವೆಂದರೆ ಬುತ್ತಿಯನ್ನು ಕಟ್ಟಿಕೊಂಡು ಹೊರಟ ಎಳೆಯ ಸಸ್ಯ. ಬೀಜಾಣುವಿನಲ್ಲಿ ಮೊಳಕೆಯಿಲ್ಲ, ಬೇಳೆಯಿಲ್ಲ. ಅದರಲ್ಲಿರುವ ಆಹಾರವೂ ಅತ್ಯಲ್ಪ. ಆದುದರಿಂದ ಒಂದೊಂದು ಬೀಜಾಣುವಿನ ಆಯುಷ್ಯವು ಬಹಳ ಅನಿಶ್ಚಿತವಾದುದು. ಈ ಕೊರತೆಯನ್ನು ಪ್ರಕೃತಿಯು ಸಂಖ್ಯೆಯಿಂದ ತುಂಬಿಕೊಟ್ಟಿದೆ. ಜೋಳದ ಕಾಡಿಗೆ ರೋಗದಲ್ಲಿ ಒಂದು ಕಾಳಿನ ಸ್ಥಳದಲ್ಲಿ ಲಕ್ಷಗಟ್ಟಲೆ ಬೀಜಾಣುಗಳು ತುಂಬಿರುವುವು. ಅವುಗಳಲ್ಲಿ ಬಹುಭಾಗವು ನಾಶವಾದರೂ ಉಳಿದ ಕೆಲವೇ ಮುಂದಿನ ಬೆಳೆಯನ್ನು ಕೆಡಿಸಲು ಸಾಕು.

ಗಾತ್ರದ ವಿಷಯದಲ್ಲಿ ಹೇಳುವುದಾದರೆ, ರೇಷ್ಮೆಹುಳುವಿನ ಗಂಟು ರೋಗದ ಬೀಜಾಣುವು ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು 4 ಪಾಲು ಉದ್ದವಾಗಿದೆ. ಅಂಥವನ್ನು ತಲೆಗೆ ತಲೆ ಸೇರಿಸಿ ಇಟ್ಟರೆ ಒಂದು ರಾಗಿಕಾಳಿನಷ್ಟು ಅಗಲಕ್ಕೆ 250ಕ್ಕಿಂತಲೂ ಹೆಚ್ಚು ಬೇಕಾಗುವುವು. ಬಿಡಿಯಾಗಿ ಕಣ್ಣಿಗೆ ಕಾಣದ ಈ ಕಣಗಳು ಕೋಟಿಗಟ್ಟಲೆ ಒಟ್ಟುಗೂಡಿದಾಗ ಮಾತ್ರ ಕಪ್ಪು, ಬಿಳುಪು, ಕಂದು ಅಥವಾ ತುಕ್ಕಿನ ಬಣ್ಣದ ಪುಡಿಯಾಗಿ ತೋರುವುವು. ರೈತರು ಇಟ್ಟಿರುವ ಕಾಡಿಗೆ, ತುಕ್ಕು, ಬೂದಿ, ಬೂಜು, ಸುಣ್ಣಕಟ್ಟು ಎಂಬ ಹೆಸರುಗಳಲ್ಲಿ ಬಹುಪಾಲು ಈ ಪುಡಿಯನ್ನು ಕಂಡೇ ಹುಟ್ಟಿದವು.

ಇನ್ನೆರಡು ಶಬ್ದಗಳೊಡನೆ ಬೀಜಾಣುವನ್ನು ಬೆರೆಸಬಾರದು. ರೋಗಾಣುವೆಂದರೆ ರೋಗವನ್ನುಂಟುಮಾಡುವ ಯಾವುದೇ ಸೂಕ್ಷ್ಮಜೀವಿ. ಎಲ್ಲಾ ರೋಗಾಣುಗಳಿಗೂ ಬೀಜಾಣುಗಳಿರುವುದಿಲ್ಲ, ಎಲ್ಲಾ ಬೀಜಾಣುಗಳೂ ರೋಗವನ್ನು ತರುವುದಿಲ್ಲ. ಪರಾಗವೆಂದರೆ ಹೂವಿನ ಧೂಳಿ. ಅದು ಕಾಯಿ ಕಟ್ಟುವುದಕ್ಕೆ ಬೇಕಾದುದು. ಪರಾಗದ ಕಣವೂ ಆರಂಭದಲ್ಲಿ ಹೂವಿನೊಳಗೆ ಒಂದು ಬಗೆಯ ಬೀಜಾಣುವಾಗಿಯೇ ಹುಟ್ಟುವುದೆಂದು ಸಸ್ಯಶಾಸ್ತ್ರಜ್ಞರು ಹೇಳುವರು. ಆದರೆ ವ್ಯವಸಾಯದ ವ್ಯವಹಾರದಲ್ಲಿ ಪರಾಗವನ್ನು ಪರಾಗವೆಂದೇ ಕರೆಯುವುದು ಲೇಸು.

ಕಣ್ಣಾರೆ ನೋಡುವ ಬಗೆ

ನಂದಿಬೆಟ್ಟದ ನೆರಳಿನ ಬಂಡೆಗಳ ಸಂದಿನಲ್ಲಿಯೂ ಹಳೆಯ ಬಾವಿಗಳ ಕಲ್ಲುಕಟ್ಟಡದಲ್ಲಿಯೂ ಜರೀಗಿಡಗಳು ಬೆಳೆಯುತ್ತವೆ. ಬಲಿತ ಎಲೆಯೊಂದನ್ನು ಮಗುಚಿ ನೋಡಿದರೆ ಕೆಳಮೈಯಲ್ಲಿ ಕಂದುಬಣ್ಣದ ಚುಕ್ಕೆಗಳೋ ಗೆರೆಗಳೋ ಇರುವುವು. ಇದನ್ನು ರೋಗವೆಂದು ಭ್ರಮಿಸಬಾರದು. ಅವು ಬೀಜಾಣುಗಳ ಚೀಲಗಳು. ಆ ಎಲೆಯನ್ನು ಬಿಳಿಯ ಕಾಗದದ ಮೇಲೆ ಒಂದು ದಿನ ಇಟ್ಟರೆ ಕಂದುಬಣ್ಣದ ಧೂಳು ಉದುರಿರುವುದು. ಹಾಗೆಯೇ ಮಳೆಗಾಲದಲ್ಲಿ ಅರಳಿದ ಅಣಬೆಯ ಕೊಡೆಯನ್ನು ಕಾಂಡದಿಂದ ಬಿಡಿಸಿ, ಕಾಗದದ ಮೇಲೆ ಬೋರಲು ಇಟ್ಟು, ಬಟ್ಟಲನ್ನು ಮುಚ್ಚಿ ಒಂದು ರಾತ್ರಿ ಬಿಟ್ಟರೆ, ಬೆಳಿಗ್ಗೆ ಕೊಡೆಯ ಒಳಪದರಗಳ ಚಿತ್ರವೇ ಪುಡಿಯಾಗಿ ಮೂಡಿರುವುದು. ಶಾಲೆಯ ಮಕ್ಕಳಿಗೂ ಇದನ್ನು ಸುಲಭವಾಗಿ ಮಾಡಿ ತೋರಿಸಬಹುದು. ಅಣಬೆಯನ್ನು ಮುಟ್ಟಿದ ಮೇಲೆ ಕೈ ತೊಳೆಯತಕ್ಕದ್ದು.

ಈ ಪುಡಿಯು ನಿಜವಾಗಿ ಬಿತ್ತನೆಯೇ ಎಂಬುದನ್ನು ಮೊದಲು ಪರೀಕ್ಷಿಸಿದವರಲ್ಲಿ ಇಟಲಿ ದೇಶದ ಮಿಕೇಲಿ ಎಂಬ ಸಸ್ಯಶಾಸ್ತ್ರಜ್ಞನು ಮುಖ್ಯನು. ಅವನು ಕರಬೂಜದ ಹೋಳುಗಳ ಮೇಲೆ ಬೂಷ್ಟಿನ ಪುಡಿಯನ್ನು ಬಿತ್ತಿ, ಅದೇ ಜಾತಿಯ ಬೂಷ್ಟು ಬೆಳೆದುದನ್ನು ಕಂಡು 1729ರಲ್ಲಿ ಪ್ರಕಟಿಸಿದನು. 1807ರಲ್ಲಿ ಫ್ರಾನ್ಸಿನ ಪ್ರೆವೋ ಎಂಬಾತನು ಗೋಧಿಯ ಕಾಡಿಗೆಯ ಬೀಜಾಣುಗಳು ನೀರಿನಲ್ಲಿ ಮೊಳೆಯುವುದನ್ನು ನೋಡಿದುದಲ್ಲದೆ, ಆ ನೀರಿನಲ್ಲಿ ಸ್ವಲ್ಪ ತಾಮ್ರದ ಅಂಶವಿದ್ದರೆ ಮೊಳೆಯಲಾರವೆಂಬುದನ್ನೂ ಕಂಡುಹಿಡಿದನು. ಬೀಜಾಣುವು ಮೊಳೆಯುವ ಮೊದಲೇ ತಡೆಯಬೇಕೆಂಬ ತತ್ತ್ವಕ್ಕೆ ಇದೇ ತಳಹದಿ.

ಬೀಜಾಣುವು ಬರುವ ನಾಲ್ಕು ದಾರಿಗಳು

ಬೀಜಾಣುವು ಯಾವ ದಾರಿಯಿಂದ ಬರುವುದೆಂಬುದನ್ನು ತಿಳಿದ ಹೊರತು ಅದನ್ನು ಎಲ್ಲಿ ತಡೆಯಬೇಕೆಂಬುದು ಗೊತ್ತಾಗುವುದಿಲ್ಲ.

ಮೊದಲನೆಯದು ಬಿತ್ತನೆಯ ಕಾಳಿಗೆ ಅಂಟಿ ಬರುವುದು. ಜೋಳದ ಕಾಡಿಗೆ ರೋಗವು ಇದಕ್ಕೆ ಸ್ಪಷ್ಟವಾದ ನಿದರ್ಶನ. ಒಕ್ಕಣೆಯಲ್ಲಿ ಕಾಡಿಗೆಯ ಚೀಲಗಳು ಒಡೆದು ಬೀಜಾಣುಗಳು ಒಳ್ಳೆಯ ಕಾಳುಗಳ ಮೈಗೆ ಅಂಟುವುವು. ಬಿತ್ತಿದಾಗ ಕಾಳಿನೊಡನೆಯೇ ಮೊಳೆತು ಎಳೆಯ ಸಸಿಯನ್ನು ಹೊಕ್ಕು, ಪೈರಿನೊಳಗೆ ಯಾರಿಗೂ ಕಾಣದಂತೆ ಬೆಳೆದು, ತೆನೆಯಲ್ಲಿ ಹೊರಬೀಳುವುವು. ತೆನೆಯಲ್ಲಿ ಕಾಡಿಗೆಯನ್ನು ಕಂಡ ಮೇಲೆ ಔಷಧ ಹೊಡೆಯುವುದು ನಿಷ್ಪ್ರಯೋಜಕ. ಬಿತ್ತುವ ಮೊದಲು ಒಂದು ಕಿಲೋಗ್ರಾಂ ಕಾಳಿಗೆ 4 ಗ್ರಾಂ ನಯವಾದ ಗಂಧಕದ ಪುಡಿಯನ್ನು ಬೆರೆಸಿದರೆ ಅಲ್ಪ ವೆಚ್ಚದಲ್ಲಿ ರೋಗವು ತಪ್ಪುವುದು. ಇಲ್ಲಿ ಬೀಜವು ಕೆಟ್ಟುದಲ್ಲ. ಬೀಜದ ಮೈಗೆ ಬೀಜಾಣುವು ಅಂಟಿದುದು.

ಎರಡನೆಯದು ಗಾಳಿಯ ದಾರಿ. ರಾಗಿಯ ಬೆಂಕಿ ರೋಗದ ಬೀಜಾಣುಗಳು ರೋಗದ ಹುಲ್ಲಿನಲ್ಲಿಯೂ ಕಾಳಿನಲ್ಲಿಯೂ ಬದುವಿನ ಕೆಲವು ಕಳೆಗಳಲ್ಲಿಯೂ ಉಳಿದಿದ್ದು, ಎಳೆಯ ಪೈರಿನ ಎಲೆಗಳಲ್ಲಿ ಕದಿರಿನ ಆಕಾರದ ಮಚ್ಚೆಗಳನ್ನುಂಟುಮಾಡುವುವು. ಆ ಮಚ್ಚೆಗಳಿಂದ ಸಾವಿರಾರು ಹೊಸ ಬೀಜಾಣುಗಳು ಹೊರಟು ಗಾಳಿಯಲ್ಲಿ ತೇಲಿ, ತೆನೆ ಹೊರಡುವ ಕಾಲಕ್ಕೆ ಕುತ್ತಿಗೆಯನ್ನೂ ಇಲುಕುಗಳನ್ನೂ ಹಿಡಿಯುವುವು. ರಾತ್ರಿಯೆಲ್ಲಾ ಮಂಜು ಬಿದ್ದು ಎಲೆಯು ಬೆಳಗಿನವರೆಗೂ ಒದ್ದೆಯಾಗಿದ್ದರೆ ಅವು ನಿರಾತಂಕವಾಗಿ ಮೊಳೆಯುವುವು. ಸಾರಜನಕದ ಗೊಬ್ಬರವನ್ನು ಮಿತಿಮೀರಿ ಹಾಕಿದ ಪೈರು ಇದಕ್ಕೆ ಬೇಗನೆ ತುತ್ತಾಗುವುದು. ಜಿಪಿಯು 28ರಂತಹ, ಈ ರೋಗವನ್ನು ತಡೆದುಕೊಳ್ಳುವ ರಾಗಿ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಒದಗಿಸಿದೆ. ಇಂಥ ತಳಿಯ ಮೇಲೆಯೂ ಬೀಜಾಣುವು ಬೀಳುವುದು. ಆದರೆ ಬಿದ್ದುದು ಸುಲಭವಾಗಿ ಬೇರೂರಲಾರದು.

ಮೂರನೆಯದು ನೀರಿನ ದಾರಿ. ದ್ರಾಕ್ಷಿಯ ಬೂಜು ರೋಗವೂ, ಆಲೂಗಡ್ಡೆ ಮತ್ತು ಟೊಮೇಟೊ ಗಿಡಗಳ ಅಂಗಮಾರಿ ರೋಗವೂ ಈ ಗುಂಪಿಗೆ ಸೇರಿದುವು. ಇವುಗಳ ಬೀಜಾಣುಚೀಲಗಳು ಗಾಳಿಯಲ್ಲಿ ಬಂದು ಎಲೆಯ ಮೇಲೆ ಇಳಿದರೂ, ಎಲೆಯ ಮೇಲೆ ನೀರಿನ ತೆಳುಪದರವಿಲ್ಲದಿದ್ದರೆ ಅಲ್ಲಿಯೇ ಒಣಗಿ ಸಾಯುವುವು. ನೀರಿದ್ದರೆ ಚೀಲವು ಒಡೆದು, ಈಜಬಲ್ಲ ಬೀಜಾಣುಗಳು ಹೊರಬಂದು ಒಳಹೊಗುವ ಸ್ಥಳವನ್ನು ಹುಡುಕುವುವು. ದ್ರಾಕ್ಷಿಯಲ್ಲಿ ಅವು ಎಲೆಯ ಕೆಳಮೈಯ ಉಸಿರುರಂಧ್ರಗಳ ಮೂಲಕವೇ ಹೊಗುವುದರಿಂದ, ಮೇಲ್ಮೈಗೆ ಮಾತ್ರ ಔಷಧವನ್ನು ಹೊಡೆದು ಕೆಳಮೈಯನ್ನು ಬಿಟ್ಟರೆ ಶ್ರಮವು ವ್ಯರ್ಥ. ಬೂದಿ ರೋಗವಾದರೋ ಹಾಗಲ್ಲ. ಅದರ ಬೀಜಾಣುಗಳು ಎಲೆಯ ಮೇಲೆ ನೀರು ನಿಲ್ಲದಿದ್ದರೂ ಮೊಳೆಯುವುವು. ಅದಕ್ಕೆ ಗಂಧಕವು ಔಷಧವಾದರೆ ಬೂಜಿಗೆ ತಾಮ್ರವು ಔಷಧ. ಬೂದಿ, ಬೂಜು ಎಂಬ ಎರಡು ಹೆಸರುಗಳನ್ನು ಅದಲುಬದಲು ಮಾಡಿದರೆ ಔಷಧವೂ ಅದಲುಬದಲಾಗುವುದು.

ನಾಲ್ಕನೆಯದು ನೆಲದ ದಾರಿ. ಕೆಲವು ಶಿಲೀಂಧ್ರಗಳು ಅನುಕೂಲ ಕಾಲದಲ್ಲಿ ತೆಳುಚರ್ಮದ ಬೀಜಾಣುಗಳನ್ನೂ, ಪ್ರತಿಕೂಲ ಕಾಲಕ್ಕಾಗಿ ದಪ್ಪಚರ್ಮದ ಬೀಜಾಣುಗಳನ್ನೂ ಉಂಟುಮಾಡುವುವು. ಮೊದಲನೆಯವು ಹರಡುವುದಕ್ಕೆ, ಎರಡನೆಯವು ಕಾದಿರುವುದಕ್ಕೆ. ದ್ರಾಕ್ಷಿಯ ಬೂಜು ಉದುರಿದ ಎಲೆಗಳೊಳಗೆ ಹೀಗೆಯೇ ಕಾದಿರುವುದು. ತೋಟದಲ್ಲಿ ಉದುರಿದ ರೋಗದ ಎಲೆಗಳನ್ನು ಗುಡಿಸಿ ಹೊರಗೆ ಸಾಗಿಸಿ ಹೂಳಬೇಕೆಂದು ಹೇಳುವುದು ತೋಟದ ಅಂದಕ್ಕಾಗಿ ಅಲ್ಲ. ಮುಂದಿನ ವರ್ಷದ ಬಿತ್ತನೆಯನ್ನು ತೆಗೆದುಹಾಕುವುದಕ್ಕಾಗಿ.

ಮುಂಚಿತವಾಗಿ ತಡೆಯುವುದು

ಬೀಜಾಣುವು ಎಲೆಯ ಮೇಲೆ ಮೊಳೆತು ಒಳಹೊಕ್ಕ ಮೇಲೆ ಮೇಲೆ ಹಚ್ಚಿದ ತಾಮ್ರವು ಅದನ್ನು ಮುಟ್ಟಲಾರದು. ಈ ತತ್ತ್ವವನ್ನು ಮಲೆನಾಡಿನ ಅಡಿಕೆಯ ಬೆಳೆಗಾರರು ಶಬ್ದವಿಲ್ಲದೆಯೇ ಅರಿತಿದ್ದರು. ಕೊಳೆರೋಗವನ್ನು ತಡೆಯಲು ಅವರು ಮಳೆಗಾಲಕ್ಕೆ ಮೊದಲೇ ಗೊನೆಗಳಿಗೆ ಕೊಟ್ಟೆಯನ್ನು ಕಟ್ಟಿ, ಮಳೆಯ ಹನಿಯೂ ಅದರೊಡನೆ ಬರುವ ಬೀಜಾಣುವೂ ಕಾಯಿಗೆ ತಾಕದಂತೆ ಮಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಶಿಲೀಂಧ್ರಶಾಸ್ತ್ರಜ್ಞ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಕುರಿತು ಸಂಶೋಧನೆ ನಡೆಸಿ 1910ರಲ್ಲಿ ಪ್ರಕಟಿಸಿದರು. ಮಳೆಗೆ ಮುಂಚೆ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯು ಅವರ ಕಾಲದಲ್ಲಿ ನೆಲೆಗೊಂಡಿತು. ಈ ದ್ರಾವಣವು ಮೊದಲು ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿತು. ದಾರಿಹೋಕರು ಹಣ್ಣು ಕದಿಯದಂತೆ ರಸ್ತೆಯ ಅಂಚಿನ ಬಳ್ಳಿಗಳಿಗೆ ಸುಣ್ಣವನ್ನೂ ಮೈಲುತುತ್ತವನ್ನೂ ಬಳಿದಿದ್ದರು; ಆ ಬಳ್ಳಿಗಳಿಗೆ ಬೂಜು ಹತ್ತದಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕನು ಗಮನಿಸಿ, 1885ರಲ್ಲಿ ಈ ಔಷಧವನ್ನು ಲೋಕಕ್ಕೆ ತಿಳಿಸಿದನು.

ನೂರಕ್ಕೆ ಒಂದರ ಬೋರ್ಡೋ ದ್ರಾವಣವನ್ನು ಮಾಡಲು 1 ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋಗ್ರಾಂ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ ಶೋಧಿಸಿ, ಎರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೆ ಸುರಿಯುತ್ತಾ ಕಲಕಬೇಕು. ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಗಳನ್ನೇ ಬಳಸತಕ್ಕದ್ದು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನೂ ಸ್ವಲ್ಪ ಸುಣ್ಣದ ನೀರನ್ನು ಸೇರಿಸಬೇಕು. ಮಾಡಿದ ದಿನವೇ ಮುಗಿಸಬೇಕು. ಎಳೆಯ ಚಿಗುರಿಗೆ ಎಷ್ಟು ತೆಳುವಾಗಿರಬೇಕೆಂಬುದನ್ನು ತೋಟಗಾರಿಕೆಯ ಅಧಿಕಾರಿಗಳಿಂದ ಕೇಳಿ ತಿಳಿಯುವುದು ಒಳ್ಳೆಯದು. ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪಿಗೆ ಇದು ಸೋಂಕಬಾರದು.

ರೇಷ್ಮೆಯ ವ್ಯವಸಾಯದಲ್ಲಿ ಈ ಶಬ್ದ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನಂಬಿ ಬಾಳುವ ಸಾವಿರಾರು ಕುಟುಂಬಗಳಿಗೆ ಬೀಜಾಣು ಎಂಬುದು ಪೈರಿನ ಮಾತು ಮಾತ್ರವಲ್ಲ. ಸುಣ್ಣಕಟ್ಟು ರೋಗವು ಜೀವಂತವಾದ ಶಿಲೀಂಧ್ರದಿಂದ ಬರುವುದೆಂದು ಇಟಲಿಯ ಅಗಸ್ಟೀನೋ ಬಾಸ್ಸಿ ಎಂಬಾತನು 1835ರಲ್ಲಿ ತೋರಿಸಿಕೊಟ್ಟನು. ಪ್ರಾಣಿಯೊಂದರ ರೋಗಕ್ಕೆ ಸೂಕ್ಷ್ಮಜೀವಿಯು ಕಾರಣವೆಂದು ಸಿದ್ಧಪಡಿಸಿದ ಮೊದಲ ನಿದರ್ಶನಗಳಲ್ಲಿ ಇದೊಂದು. ಹುಳುವು ಸತ್ತ ಕೂಡಲೇ ಬೆಳ್ಳಗಾಗುವುದಿಲ್ಲ. ಮೊದಲು ಮೆತ್ತಗಿದ್ದು, ಬಳಿಕ ಗಟ್ಟಿಯಾಗಿ, ಆಮೇಲೆ ಅದರ ಮೈಮೇಲೆ ಬಿಳಿಯ ಪುಡಿಯೇಳುವುದು. ಆ ಪುಡಿಯೇ ಬೀಜಾಣು. ಆದುದರಿಂದ ಸತ್ತ ಹುಳುವನ್ನು ಬೆಳ್ಳಗಾಗುವ ಮೊದಲೇ ಆರಿಸಿ ಸುಟ್ಟುಹಾಕಬೇಕು. ಅದನ್ನು ತಿಪ್ಪೆಗೆ ಎಸೆದರೆ ಬೀಜಾಣುಗಳನ್ನು ಇಡೀ ಊರಿಗೆ ಬಿತ್ತಿದಂತಾಗುವುದು. ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಈ ರೋಗವು ಹೆಚ್ಚು. ಬೆಳೆ ಮುಗಿದ ಮೇಲೆ ನೂರಕ್ಕೆ 2ರಂತೆ ಬ್ಲೀಚಿಂಗ್ ಪುಡಿಯನ್ನೂ 0.3ರಂತೆ ಅರಳಿದ ಸುಣ್ಣವನ್ನೂ ಬೆರೆಸಿದ ನೀರಿನಿಂದ ಹುಳುಮನೆ, ತಟ್ಟೆ, ಚಂದ್ರಿಕೆಗಳನ್ನು ತೊಳೆಯುವುದು ಬೀಜಾಣುಗಳನ್ನು ಕೊಲ್ಲುವುದಕ್ಕಾಗಿಯೇ.

ಗಂಟು ರೋಗದ ಬೀಜಾಣುವು ಇನ್ನೂ ಗುಪ್ತವಾದ ದಾರಿಯನ್ನು ಹಿಡಿಯುವುದು. ಅದು ತಾಯಿಚಿಟ್ಟೆಯ ಮೈಯಿಂದ ಮೊಟ್ಟೆಯೊಳಕ್ಕೆ ಸೇರುವುದು. ಲೂಯಿ ಪಾಸ್ಚರನು 1865ರಿಂದ ಕೆಲವು ವರ್ಷ ಶ್ರಮಿಸಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೀಜಾಣುವಿದ್ದರೆ ಅದರ ಮೊಟ್ಟೆಗಳನ್ನು ನಾಶಮಾಡುವ ವಿಧಾನವನ್ನು ಸ್ಥಾಪಿಸಿದನು. ಇಂದಿಗೂ ಬಿತ್ತನೆಕೋಠಿಗಳಲ್ಲಿ ನಡೆಯುವ ಪರೀಕ್ಷೆಯು ಇದೇ. ರೋಗರಹಿತ ಮೊಟ್ಟೆ ಎಂಬ ಮಾತಿನ ಅರ್ಥವೂ ಇಷ್ಟೇ: ತಾಯಿಚಿಟ್ಟೆಯಲ್ಲಿ ಬೀಜಾಣುವು ಕಾಣಲಿಲ್ಲವೆಂದು. ಪರೀಕ್ಷೆಯಿಲ್ಲದ ಮೊಟ್ಟೆಯನ್ನು ಕಡಿಮೆ ಬೆಲೆಗೆ ಕೊಳ್ಳುವುದು ಲಾಭವಲ್ಲ.

ದನಗಳ ರೋಗದಲ್ಲಿ ಈ ಶಬ್ದ

ನೆರಡಿ ಮತ್ತು ಚಪ್ಪೆ ರೋಗಗಳನ್ನು ತರುವ ಬ್ಯಾಕ್ಟೀರಿಯಗಳಿಗೂ ಬೀಜಾಣುಗಳುಂಟೆಂದು ಹೇಳುತ್ತಾರೆ. ಇಲ್ಲಿ ಅರ್ಥವು ಸ್ವಲ್ಪ ಬೇರೆಯಾಗಿದೆ. ಒಂದು ಬ್ಯಾಕ್ಟೀರಿಯವು ಒಂದೇ ಬೀಜಾಣುವಾಗುವುದರಿಂದ ಅದು ಸಂತಾನವೃದ್ಧಿಯಲ್ಲ. ಕಷ್ಟಕಾಲವನ್ನು ಕಳೆಯಲು ತೊಟ್ಟ ಕವಚ. ನೆರಡಿಯ ಬೀಜಾಣುವು ನೆಲದಲ್ಲಿ ಹತ್ತಾರು ವರ್ಷ ಬದುಕಿರಬಲ್ಲದು. ಸತ್ತ ದನದ ಮೈಯನ್ನು ಕೊಯ್ಯದಿದ್ದರೆ ಒಳಗಿರುವ ರೋಗಾಣುಗಳು ಕೊಳೆತದಲ್ಲಿ ಸಾಯುವುವು. ಕೊಯ್ದು ಗಾಳಿಯಾಡಿದರೆ ಬೀಜಾಣುಗಳಾಗಿ ನೆಲವನ್ನು ಸೇರುವುವು. ಆದುದರಿಂದ ಹಠಾತ್ತಾಗಿ ಸತ್ತ ದನದ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಸುರಿದಿದ್ದರೆ, ಚರ್ಮವನ್ನು ಸುಲಿಯಗೊಡದೆ, ಪಶುವೈದ್ಯರಿಗೆ ತಿಳಿಸಿ, ಸುಣ್ಣ ಹಾಕಿ ಆಳವಾಗಿ ಹೂಳಿಸತಕ್ಕದ್ದು. ಈ ರೋಗವು ಮನುಷ್ಯರಿಗೂ ತಗಲಿ ಪ್ರಾಣಾಪಾಯವನ್ನುಂಟುಮಾಡುವುದು.

ಉಪಕಾರಿಯಾದ ಬೀಜಾಣುಗಳು

ಬೀಜಾಣುವೆಂದರೆ ಶತ್ರುವೇ ಎಂದು ತಿಳಿಯಬಾರದು. ಟ್ರೈಕೋಡರ್ಮ ಎಂಬ ಶಿಲೀಂಧ್ರದ ಬೀಜಾಣುಗಳನ್ನು ಬಿತ್ತನೆಗೂ ಕೊಟ್ಟಿಗೆ ಗೊಬ್ಬರಕ್ಕೂ ಬೆರೆಸುವುದರಿಂದ ನೆಲದಲ್ಲಿರುವ ಅನೇಕ ರೋಗಕಾರಕ ಶಿಲೀಂಧ್ರಗಳು ಅಡಗುವುವು. ಆ ಪುಡಿಯು ಜೀವವುಳ್ಳದ್ದು. ಬಿಸಿಲಿನಲ್ಲಿಟ್ಟರೆ ಅಥವಾ ಶಿಲೀಂಧ್ರವನ್ನು ಕೊಲ್ಲುವ ಔಷಧದೊಡನೆ ಬೆರೆಸಿದರೆ ಸಾಯುವುದು. ಹಾಗೆಯೇ ಬೆಳೆಯ ಕೀಟಗಳನ್ನು ಕೊಲ್ಲುವುದಕ್ಕಾಗಿ ಬ್ಯೂವೇರಿಯ ಎಂಬ ಶಿಲೀಂಧ್ರದ ಬೀಜಾಣುಗಳನ್ನು ಪೊಟ್ಟಣಗಳಲ್ಲಿ ಮಾರುತ್ತಾರೆ. ಇಲ್ಲಿ ವಿಶೇಷವಾದ ಎಚ್ಚರಿಕೆ ಬೇಕು. ರೇಷ್ಮೆಹುಳುವಿಗೆ ಸುಣ್ಣಕಟ್ಟು ರೋಗವನ್ನು ತರುವ ಶಿಲೀಂಧ್ರವೂ ಇದೇ. ಟೊಮೇಟೊ ತೋಟದಲ್ಲಿ ಉಪಕಾರಿಯಾದುದು ಪಕ್ಕದ ಹಿಪ್ಪುನೇರಳೆ ತೋಟದ ಮೂಲಕ ಹುಳುಮನೆಯನ್ನು ಹೊಕ್ಕರೆ ನೆರೆಯವನ ಬೆಳೆಯು ಹಾಳಾಗುವುದು. ರೇಷ್ಮೆಯನ್ನು ಬೆಳೆಯುವ ಗ್ರಾಮಗಳಲ್ಲಿ ಇದನ್ನು ಸಿಂಪಡಿಸಬಾರದು. ಪೊಟ್ಟಣದ ಮೇಲಿನ ಹೆಸರನ್ನು ಓದಿ ಹೇಳುವುದು ಓದುಬಲ್ಲ ಜಮೀನುದಾರರ ಕರ್ತವ್ಯ.

ಗ್ರಾಮಪ್ರಮುಖರು ನಡೆಸತಕ್ಕ ಕಾರ್ಯಗಳು

ಬೀಜಾಣುವಿಗೆ ಬದುವೂ ಇಲ್ಲ, ಸರ್ವೇ ನಂಬರೂ ಇಲ್ಲ. ಒಬ್ಬನು ತನ್ನ ತೋಟವನ್ನು ಶುಚಿಯಾಗಿಟ್ಟು ನೆರೆಯವನು ರೋಗದ ಆಲೂಗಡ್ಡೆಯನ್ನು ದಾರಿಯಲ್ಲಿ ಸುರಿದರೆ, ಮೋಡದ ವಾರವೊಂದರಲ್ಲಿ ಇಬ್ಬರ ಬೆಳೆಯೂ ಹೋಗುವುದು. ಆದುದರಿಂದ ಇದು ಗ್ರಾಮವೆಲ್ಲವೂ ಸೇರಿ ಮಾಡಬೇಕಾದ ಕೆಲಸ.

1. ಕೊಯ್ಲಾದ ಮೇಲೆ ರೋಗದ ಗಿಡ, ಎಲೆ, ಗೆಡ್ಡೆಗಳನ್ನು ಒಂದೇ ವಾರದಲ್ಲಿ ಎಲ್ಲರೂ ಆರಿಸಿ ಹೂಳುವಂತೆ ಏರ್ಪಡಿಸುವುದು.

2. ಬಿತ್ತನೆಯ ಕಾಲಕ್ಕೆ ಮುಂಚೆ ಕಾಳಿಗೆ ಔಷಧ ಬೆರೆಸುವ ಕ್ರಮವನ್ನು ಊರ ಮುಂದೆ ಮಾಡಿ ತೋರಿಸುವುದು.

3. ಸತ್ತ ರೇಷ್ಮೆಹುಳುಗಳನ್ನೂ ಹುಳುಮನೆಯ ಕಸವನ್ನೂ ಹಾಕಲು ಊರಿನಿಂದ ದೂರದಲ್ಲಿ ಸುಣ್ಣದ ಗುಂಡಿಯೊಂದನ್ನು ಗೊತ್ತುಮಾಡುವುದು.

4. ರೋಗ ಕಂಡಾಗ ಕೃಷಿ ಇಲಾಖೆಗೆ ತಿಳಿಸುವಲ್ಲಿ "ಬೀಜ ಕೆಟ್ಟಿದೆ" ಎಂದಷ್ಟೇ ಬರೆಯದೆ, ಪುಡಿಯ ಬಣ್ಣವೇನು, ಅದು ಎಲೆಯ ಮೇಲ್ಮೈಯಲ್ಲಿದೆಯೋ ಕೆಳಮೈಯಲ್ಲಿದೆಯೋ ತೆನೆಯಲ್ಲಿದೆಯೋ, ಮೊದಲು ಕಂಡ ದಿನ ಯಾವುದು, ಅದಕ್ಕೆ ಮುಂಚೆ ಮಳೆ ಅಥವಾ ಮಂಜು ಎಷ್ಟು ದಿನವಿತ್ತು, ಬಿತ್ತನೆಗೆ ಔಷಧ ಬೆರೆಸಿತ್ತೋ ಇಲ್ಲವೋ ಎಂಬ ವಿವರಗಳನ್ನು ಬರೆಯುವುದು.

ಇಷ್ಟು ವಿವರವಿದ್ದರೆ ಬೀಜಾಣುವು ಮೇಲೆ ಹೇಳಿದ ನಾಲ್ಕು ದಾರಿಗಳಲ್ಲಿ ಯಾವುದರಿಂದ ಬಂದಿತೆಂಬುದನ್ನು ಅಧಿಕಾರಿಗಳು ಬೇಗನೆ ಊಹಿಸಬಲ್ಲರು. ಯಾವ ರೈತನು ಈ ವರ್ಷವೇ ಔಷಧ ಹೊಡೆಯಬೇಕು, ಯಾವನು ಮುಂದಿನ ಬಿತ್ತನೆಯವರೆಗೆ ಹಣವನ್ನು ಉಳಿಸಿಕೊಳ್ಳಬೇಕು ಎಂಬುದನ್ನೂ ಹೇಳಬಲ್ಲರು.